ರಕ್ತದ ಚೀಟಿ ದುಡಿಯುವವರ ಕೈಗೆ ಬರಲಿ

ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆ ಬಂತೆಂದರೆ ಅಜ್ಜಂಪುರ, ತರೀಕೆರೆ, ಕಡೂರು ಸೀಮೆಯ ಹಳ್ಳಿಗಳಿಂದ ಎತ್ತಿನ ಗಾಡಿಗಳು ಸಾಲುಗಟ್ಟುತ್ತವೆ. ಊರು ಬಿಟ್ಟು ದುಡಿಯುವವರೂ ಆ ದಿನಗಳಿಗೆ ಮನೆ ಸೇರುತ್ತಾರೆ. ಅಜ್ಜಂಪುರದಲ್ಲೋ ಬೀರೂರಿನಲ್ಲೋ ರೈಲು ಹತ್ತಿ ಬೆಂಗಳೂರಿಗೆ ಹೋದವರು, ಭದ್ರಾವತಿ, ಶಿವಮೊಗ್ಗಗಳ ವರ್ಕ್‌ಶಾಪುಗಳನ್ನು ಸೇರಿದವರು, ಬಣ್ಣ ಬಳಿಯುವ ಗುತ್ತಿಗೆ ಹಿಡಿದು ಊರೂರು ಅಲೆಯುವವರು, ಎಲ್ಲರೂ ಬರುತ್ತಾರೆ. ತಂದೆತಾಯಿಗೆ ಬಟ್ಟೆ, ಮಕ್ಕಳಿಗೆ ಆಟಿಕೆ, ದೇವಿಗೆ ಹರಕೆಯ ಕಾಣಿಕೆ ತರುತ್ತಾರೆ. ಇವುಗಳ ಜೊತೆಗೆ ಕೆಲವರು ತಮಗೇ ತಿಳಿಯದ ಇನ್ನೊಂದು ವಸ್ತುವನ್ನೂ ಹೊತ್ತು ತರುತ್ತಿರಬಹುದು. ಅದು ಜೇಬಿನಲ್ಲಿರುವುದಿಲ್ಲ, ರಕ್ತದಲ್ಲಿರುತ್ತದೆ. ಅದರ ಹೆಸರು ಸೀಸ.

ಮಲೆನಾಡು ಮುಗಿದು ಬಯಲು ತೊಡಗುವ ಈ ಸೀಮೆಯಲ್ಲಿ ಸೀಸದ ಗಣಿಯಿಲ್ಲ. ಆದರೂ ಸೀಸ ಇಲ್ಲಿಗೆ ಹೊಸದಲ್ಲ. ಕರೆಂಟು ಕೈಕೊಡುವ ಊರುಗಳಲ್ಲಿ ಇನ್‌ವರ್ಟರ್ ಇಲ್ಲದ ಮನೆ ಇಂದು ಅಪರೂಪ. ಟ್ರ್ಯಾಕ್ಟರಿಗೆ, ಆಟೋಗೆ, ಸೌರದೀಪಕ್ಕೆ ಬ್ಯಾಟರಿ ಬೇಕು. ಭದ್ರಾ ಅಭಯಾರಣ್ಯದ ಅಂಚಿನ ತೋಟಗಳಲ್ಲಿ ಆನೆ ತಡೆಯುವ ಸೌರಬೇಲಿಗೂ ಬೇಕು. ಇವುಗಳಲ್ಲಿ ಹೆಚ್ಚಿನವು ಸೀಸ ಮತ್ತು ಆಸಿಡ್‌ನ ಬ್ಯಾಟರಿಗಳೇ. ಅಂಥ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಸೀಸದ್ದು. ನಾಲ್ಕೈದು ವರ್ಷ ದುಡಿದು ಸತ್ತ ಬ್ಯಾಟರಿ ಗುಜರಿಯವನ ಗಾಡಿ ಏರುತ್ತದೆ. ಆಮೇಲೆ ಅದನ್ನು ಯಾರು ಒಡೆಯುತ್ತಾರೆ, ಆಸಿಡ್ ಎಲ್ಲಿಗೆ ಚೆಲ್ಲುತ್ತಾರೆ, ಪ್ಲೇಟುಗಳನ್ನು ಯಾರು ಕರಗಿಸುತ್ತಾರೆ ಎಂದು ಮಾರಿದವರು ಕೇಳುವುದಿಲ್ಲ, ಕೊಂಡವರು ಹೇಳುವುದಿಲ್ಲ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಅದಕ್ಕೆ ದೊಡ್ಡ ಕುಲುಮೆಯೇ ಬೇಕೆಂದಿಲ್ಲ, ಇದ್ದಿಲ ಒಲೆಯೂ ಒಂದು ಕಬ್ಬಿಣದ ಬಾಣಲೆಯೂ ಸಾಕು. ಈ ಸುಲಭವೇ ಅದರ ದೊಡ್ಡ ಅಪಾಯ.

ಸೀಸದ ಕೆಲಸ ಬ್ಯಾಟರಿಗಷ್ಟೇ ಸೀಮಿತವಲ್ಲ. ಹಳೆಯ ಬಾಗಿಲು, ಕಿಟಕಿ, ಗೇಟುಗಳ ಬಣ್ಣವನ್ನು ಉಜ್ಜುಕಾಗದದಿಂದ ತಿಕ್ಕುವವರು, ರೇಡಿಯೇಟರ್ ಬೆಸೆಯುವವರು, ಹಳೆಯ ಸಲಕರಣೆಗಳ ಬೆಸುಗೆ ಬಿಚ್ಚುವವರು, ಹಿತ್ತಾಳೆ ಕಂಚು ಎರಕ ಹೊಯ್ಯುವವರು ಕೂಡ ಇದರ ದೂಳು ಹೊಗೆಗಳ ನಡುವೆಯೇ ದುಡಿಯುತ್ತಾರೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಬಂತು, 2017ರ ನವೆಂಬರ್‌ನಿಂದ ಜಾರಿಯಾಯಿತು. ಆದರೆ ಅದಕ್ಕೂ ಮೊದಲು ಬಳಿದ ಬಣ್ಣ ಶಾಲೆ, ಮನೆ, ಕಚೇರಿಗಳ ಗೋಡೆ ಬಾಗಿಲುಗಳ ಮೇಲೆ ಹಾಗೆಯೇ ಉಳಿದಿದೆ. ಅದನ್ನು ಕೆರೆದು ತೆಗೆಯುವ ಕೂಲಿಯ ಮೂಗಿಗೆ ನಿಯಮ ಯಾವ ವರ್ಷದ್ದೆಂಬುದು ಗೊತ್ತಿಲ್ಲ.

ಹೆಸರಿಲ್ಲದ ಹೊಟ್ಟೆನೋವು

ಸೀಸದಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಕಬ್ಬಿಣ, ಸತು, ತಾಮ್ರಗಳು ಅಲ್ಪ ಪ್ರಮಾಣದಲ್ಲಾದರೂ ದೇಹಕ್ಕೆ ಬೇಕು. ಸೀಸ ಬೇಡವೇ ಬೇಡ. ಆದರೆ ದೇಹ ಇದನ್ನು ಪರಕೀಯವೆಂದು ಗುರುತಿಸಲಾರದು. ಸುಣ್ಣದಂಶ ಸೇರಬೇಕಾದ ಮೂಳೆಯಲ್ಲಿ ಸೀಸವನ್ನೂ ಸೇರಿಸಿಕೊಳ್ಳುತ್ತದೆ. ಕೆಂಪುರಕ್ತ ತಯಾರಾಗುವ ದಾರಿಯಲ್ಲಿ ಅದು ಅಡ್ಡ ನಿಲ್ಲುತ್ತದೆ. ಹೊಟ್ಟೆ ತಿರುಚಿದಂಥ ನೋವು, ಮಲಬದ್ಧತೆ, ನಿಶ್ಶಕ್ತಿ, ಕೀಲುನೋವು, ತಲೆನೋವು, ಸಿಡುಕು, ರಕ್ತಹೀನತೆ, ಏರಿದ ರಕ್ತದೊತ್ತಡ ಇವು ಅದರ ಗುರುತುಗಳು. ವರ್ಷಗಟ್ಟಲೆ ಮುಂದುವರಿದರೆ ಮೂತ್ರಪಿಂಡ ಕೆಡುತ್ತದೆ, ನರಗಳು ಸೋಲುತ್ತವೆ, ಗಂಡಸರ ವೀರ್ಯಕ್ಕೂ ಹೆಂಗಸರ ಬಸಿರಿಗೂ ತೊಂದರೆಯಾಗುತ್ತದೆ.

ಈ ಪಟ್ಟಿಯಲ್ಲಿ ಸೀಸಕ್ಕೇ ವಿಶಿಷ್ಟವಾದ ಗುರುತು ಒಂದೂ ಇಲ್ಲದಿರುವುದನ್ನು ಓದುಗರು ಗಮನಿಸಬೇಕು. ಹೊಟ್ಟೆನೋವೆಂದರೆ ಗ್ಯಾಸ್ಟ್ರಿಕ್ ಮಾತ್ರೆ, ರಕ್ತ ಕಡಿಮೆಯೆಂದರೆ ಕಬ್ಬಿಣದ ಮಾತ್ರೆ, ಕೈಕಾಲು ಸೋತರೆ ಟಾನಿಕ್, ಏನೂ ನಾಟದಿದ್ದರೆ ಯಂತ್ರ ತಾಯಿತ. ಹೀಗೆ ರೋಗಿ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಾನೆ. ‘ನೀನು ಏನು ಕೆಲಸ ಮಾಡುತ್ತೀಯಪ್ಪಾ?’ ಎಂಬ ಒಂದು ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ಅಲೆದಾಟ ಅಲ್ಲಿಗೇ ನಿಲ್ಲಬಹುದಿತ್ತು. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಝ್ಝೀನಿ 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರೋಗಿಯನ್ನು ಕಾಣುವ ವೈದ್ಯ ಅವನ ಕಸುಬನ್ನೂ ವಿಚಾರಿಸಬೇಕೆಂದು ಹೇಳಿದ್ದ. 1910ರಿಂದ ಅಮೆರಿಕದಲ್ಲಿ ಸೀಸದ ಕಾರ್ಖಾನೆಗಳನ್ನು ಶೋಧಿಸಿದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಮಾಲೀಕರ ಮಾತನ್ನಷ್ಟೇ ನಂಬದೆ ಕಾರ್ಮಿಕರ ಮನೆಬಾಗಿಲಿಗೇ ಹೋಗಿ ರೋಗಿಗಳನ್ನು ಪತ್ತೆಹಚ್ಚಿದಳು. ಮೂರು ಶತಮಾನ ಕಳೆದರೂ ಎಷ್ಟೋ ಆಸ್ಪತ್ರೆಗಳ ಹೊರರೋಗಿ ಚೀಟಿಯಲ್ಲಿ ವಯಸ್ಸು, ಲಿಂಗ, ಊರು ಬರೆಯಲು ಜಾಗವಿದೆ, ಕಸುಬು ಬರೆಯಲು ಇಲ್ಲ.

ದುಡಿಯುವವನ ದೇಹಕ್ಕೇ ಈ ಪೀಡೆ ಮುಗಿಯುವುದೂ ಇಲ್ಲ. ಅಂಗಿ, ತಲೆಗೂದಲು, ಚಪ್ಪಲಿಗಳಿಗೆ ಅಂಟಿದ ದೂಳು ಮನೆಗೆ ಬರುತ್ತದೆ. ಸಂಜೆ ಅಪ್ಪನ ತೊಡೆಯೇರುವ ಕೂಸು, ಆ ಬಟ್ಟೆ ಒಗೆಯುವ ಹೆಂಡತಿ ಅದನ್ನು ಹಂಚಿಕೊಳ್ಳುತ್ತಾರೆ. ನುಂಗಿದ ಸೀಸವನ್ನು ಎಳೆಯ ಮಕ್ಕಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮಿದುಳಿಗೆ ಆದ ಹಾನಿಯನ್ನು ಯಾವ ಔಷಧವೂ ಸರಿಪಡಿಸಲಾರದು. ಮಗು ಓದಿನಲ್ಲಿ ಹಿಂದೆ ಬಿದ್ದರೆ ಮೇಷ್ಟ್ರು ಬೈಯುತ್ತಾರೆ, ತಾಯಿ ಹಣೆಬರಹವೆನ್ನುತ್ತಾಳೆ.

ಪರೀಕ್ಷೆ ಹೇಳುವುದೇನು, ಹೇಳದಿರುವುದೇನು?

ಹಾಗಾದರೆ ತಿಳಿಯುವುದು ಹೇಗೆ? ತೋಳಿನ ನಾಳದಿಂದ ತೆಗೆದ ನಾಲ್ಕಾರು ಮಿಲಿಲೀಟರ್ ರಕ್ತ ಸಾಕು. ಅದರಲ್ಲಿ ಪ್ರತಿ ಡೆಸಿಲೀಟರಿಗೆ, ಅಂದರೆ ನೂರು ಮಿಲಿಲೀಟರಿಗೆ, ಎಷ್ಟು ಮೈಕ್ರೋಗ್ರಾಂ ಸೀಸವಿದೆಯೆಂದು ಪ್ರಯೋಗಾಲಯ ಹೇಳುತ್ತದೆ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಈ ಲೆಕ್ಕದ ಸೂಕ್ಷ್ಮವನ್ನು ಹೀಗೆ ಮನಗಾಣಬಹುದು: ಒಬ್ಬ ವಯಸ್ಕನ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಪರೀಕ್ಷೆಯಲ್ಲಿ 50 ಮೈಕ್ರೋಗ್ರಾಂ ಬಂದರೆ ಇಡೀ ರಕ್ತದಲ್ಲಿ ಸೇರಿದ ಸೀಸ ಎರಡೂವರೆ ಮಿಲಿಗ್ರಾಂ. ಅದು ಒಂದು ಎಳ್ಳುಕಾಳಿನ ತೂಕದ ಆಸುಪಾಸು. ಒಬ್ಬ ದುಡಿಮೆಗಾರನನ್ನು ಕೆಲಸದಿಂದ ಬಿಡಿಸಿ ಚಿಕಿತ್ಸೆಗೆ ಕಳಿಸಬೇಕಾದಷ್ಟು ವಿಷ ಅದು.

ಸುರಕ್ಷಿತ ಎನ್ನಬಹುದಾದ ಮಟ್ಟ ಯಾವುದೂ ತಿಳಿದಿಲ್ಲವೆಂಬುದು ಇಂದಿನ ವಿಜ್ಞಾನದ ನಿಲುವು. ರಕ್ತದಲ್ಲಿ 5 ಮೈಕ್ರೋಗ್ರಾಂ ಕಂಡರೂ ಸೀಸದ ಮೂಲವನ್ನು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳಿದೆ. ಮಕ್ಕಳ ಮಟ್ಟಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1991ರಲ್ಲಿ 10ಕ್ಕೆ ಇಟ್ಟಿದ್ದ ಗಡಿಯನ್ನು 2012ರಲ್ಲಿ 5ಕ್ಕೂ 2021ರಲ್ಲಿ 3.5ಕ್ಕೂ ಇಳಿಸಿತು. ಅರಿವು ಹೆಚ್ಚಿದಂತೆಲ್ಲ ಗಡಿ ಕೆಳಗಿಳಿದಿದೆಯೇ ಹೊರತು ಮೇಲೇರಿಲ್ಲ.

ಆದರೆ ಈ ಪರೀಕ್ಷೆಗೂ ಮಿತಿಗಳಿವೆ. ರಕ್ತಕ್ಕೆ ಸೇರಿದ ಸೀಸದಲ್ಲಿ ಅರ್ಧದಷ್ಟು ಸುಮಾರು ಒಂದು ತಿಂಗಳಲ್ಲಿ ಇಳಿದುಹೋಗುತ್ತದೆ. ಒಂದಷ್ಟು ಮೂತ್ರದಲ್ಲಿ ಹೊರಬೀಳುತ್ತದೆ, ಒಂದಷ್ಟು ಮೂಳೆಗೆ ಇಳಿಯುತ್ತದೆ. ಮೂಳೆಯಲ್ಲಿ ಅದು ದಶಕಗಟ್ಟಲೆ ಕುಳಿತಿರುತ್ತದೆ. ಹೆಂಗಸು ಬಸಿರಾದಾಗ, ಮುಪ್ಪಿನಲ್ಲಿ ಮೂಳೆ ಸವೆದಾಗ ಮತ್ತೆ ರಕ್ತಕ್ಕೆ ಬರುತ್ತದೆ. ಆದ್ದರಿಂದ ಇಂದಿನ ರಕ್ತಪರೀಕ್ಷೆ ಮುಖ್ಯವಾಗಿ ಇತ್ತೀಚಿನ ವಾರಗಳ ಕಥೆಯನ್ನು ಹೇಳುತ್ತದೆ. ಬ್ಯಾಟರಿ ಕೆಲಸ ಬಿಟ್ಟು ಊರಿಗೆ ಬಂದು ಎರಡು ವರ್ಷ ಉತ್ತವನ ರಕ್ತದಲ್ಲಿ ಅಂಕಿ ಇಳಿದಿರಬಹುದು. ಹಾನಿ ಆಗಿಲ್ಲವೆಂದು ಅದರ ಅರ್ಥವಲ್ಲ.

ಎರಡನೆಯ ಮಿತಿ ರಕ್ತ ತೆಗೆಯುವ ಕ್ರಮಕ್ಕೆ ಸೇರಿದ್ದು. ಬೆರಳು ಚುಚ್ಚಿ ಮೂರು ನಿಮಿಷದಲ್ಲಿ ಅಂಕಿ ಹೇಳುವ ಕೈಯಂತ್ರಗಳು ಬಂದಿವೆ, ಶಿಬಿರಗಳಿಗೆ ಅವು ಅನುಕೂಲವೇ. ಆದರೆ ಬೆರಳಿಗೆ ಅಂಟಿದ ದೂಳೇ ರಕ್ತದ ಹನಿಗೆ ಸೇರಿ ಅಂಕಿ ಸುಳ್ಳಾಗಿ ಏರಬಹುದು. ಸೋಪಿನಿಂದ ಕೈ ತೊಳೆಸಿ ಚುಚ್ಚಬೇಕು. ಅಂಕಿ ಹೆಚ್ಚು ಬಂದರೆ ನಾಳದ ರಕ್ತ ತೆಗೆದು ಮತ್ತೊಮ್ಮೆ ಖಚಿತಪಡಿಸಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಾಮಾನ್ಯ ಆರೋಗ್ಯ ಶಿಬಿರದ ರಕ್ತ ತಪಾಸಣೆಯಲ್ಲಿ ಸೀಸ ಕಾಣುವುದಿಲ್ಲ. ಸಕ್ಕರೆ, ಹಿಮೋಗ್ಲೋಬಿನ್, ಕೊಬ್ಬು ನೋಡಿ ‘ಎಲ್ಲ ನಾರ್ಮಲ್’ ಎಂದು ಬರೆದ ಚೀಟಿ ಸೀಸದ ಬಗ್ಗೆ ಏನನ್ನೂ ಹೇಳಿರುವುದಿಲ್ಲ. ‘ಸೀಸಕ್ಕಾಗಿ ರಕ್ತ ಪರೀಕ್ಷಿಸಿ’ ಎಂದು ಹೆಸರು ಹಿಡಿದು ಕೇಳಿದರೆ ಮಾತ್ರ ಆ ಪರೀಕ್ಷೆ ನಡೆಯುತ್ತದೆ. ಬೇರೆ ಲೋಹಗಳಿಗೆ ದಾರಿಯೂ ಬೇರೆ. ಪಾದರಸದ ಆವಿ ಕುಡಿದವರಿಗೆ ಮೂತ್ರಪರೀಕ್ಷೆಯೇ ಹೆಚ್ಚು ನೆಚ್ಚಿಕೆಯದು. ಆರ್ಸೆನಿಕ್ ರಕ್ತದಿಂದ ಬೇಗ ಮರೆಯಾಗುವುದರಿಂದ ಅದಕ್ಕೂ ಮೂತ್ರವನ್ನೇ ನೋಡುತ್ತಾರೆ; ಅದಕ್ಕೆ ಮೊದಲು ಎರಡು ಮೂರು ದಿನ ಮೀನು ತಿನ್ನಬಾರದು, ತಿಂದರೆ ಮೀನಿನೊಳಗಿನ ನಿರಪಾಯ ರೂಪದ ಆರ್ಸೆನಿಕ್ ಲೆಕ್ಕಕ್ಕೆ ಸೇರಿಬಿಡುತ್ತದೆ. ಕ್ಯಾಡ್ಮಿಯಂ ರಕ್ತದಲ್ಲಿ ಇತ್ತೀಚಿನದನ್ನೂ ಮೂತ್ರದಲ್ಲಿ ಹಳೆಯದನ್ನೂ ತೋರುತ್ತದೆ. ಮ್ಯಾಂಗನೀಸ್ ವಿಷಯದಲ್ಲಿ ರಕ್ತದ ಅಂಕಿಯನ್ನು ನಂಬುವುದೇ ಕಷ್ಟ. ‘ರಕ್ತಪರೀಕ್ಷೆ ಮಾಡಿಸಿದ್ದೇವೆ’ ಎಂದು ಯಾವ ಕಂಪನಿಯಾದರೂ ಹೇಳಿದಾಗ ‘ಯಾವ ಲೋಹಕ್ಕೆ, ಯಾವ ದಿನ, ಅಂಕಿ ಎಷ್ಟು?’ ಎಂದು ಮರುಪ್ರಶ್ನೆ ಹಾಕಲು ವಿದ್ಯಾರ್ಥಿಗಳು ಕಲಿಯಬೇಕಾದುದು ಈ ಕಾರಣಕ್ಕೆ.

ಬೆಂಗಳೂರು ತೋರಿದ ದಾರಿ

ಈ ಪರೀಕ್ಷೆ ಪರದೇಶದ ಮಾತಲ್ಲ. ದೇಶಕ್ಕೇ ಇದರ ಮಹತ್ವವನ್ನು ತಿಳಿಸಿದ ಕೆಲಸ ಕರ್ನಾಟಕದಲ್ಲೇ ನಡೆದಿದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಅವರ ಜೊತೆಗೂಡಿ ದೇಶದ ದೊಡ್ಡ ನಗರಗಳಲ್ಲಿ ಸಾವಿರಾರು ಜನರ ರಕ್ತದಲ್ಲಿ ಸೀಸವನ್ನು ಅಳೆಯಿತು. ಪರೀಕ್ಷೆಗೆ ಒಳಗಾದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚಿನವರ ರಕ್ತದಲ್ಲಿ ಅಂದಿನ ಗಡಿಯಾದ 10 ಮೈಕ್ರೋಗ್ರಾಮನ್ನು ಮೀರಿದ ಸೀಸವಿತ್ತು. 1999ರಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆದು ಈ ಅಂಕಿಗಳು ದೇಶದ ಮುಂದೆ ಬಂದವು. 2000ದಲ್ಲಿ ಸೀಸ ಬೆರೆತ ಪೆಟ್ರೋಲ್ ದೇಶಾದ್ಯಂತ ನಿಂತಿತು. ಆ ಬದಲಾವಣೆಗೆ ಹಲವು ಕಾರಣಗಳಿದ್ದವು. ರಕ್ತದ ಅಂಕಿಗಳೂ ಅವುಗಳಲ್ಲಿ ಸೇರಿದ್ದವು. ಮುಂದೆ ಸೇಂಟ್ ಜಾನ್ಸ್‌ನಲ್ಲಿ ಸೀಸವಿಷದ ರಾಷ್ಟ್ರೀಯ ಉಲ್ಲೇಖ ಕೇಂದ್ರ ನಡೆದು ವೈದ್ಯರಿಗೂ ಕಾರ್ಮಿಕರಿಗೂ ದಾರಿ ತೋರಿತು.

ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಔದ್ಯೋಗಿಕ ಆರೋಗ್ಯದ ದಕ್ಷಿಣ ಪ್ರಾದೇಶಿಕ ಕೇಂದ್ರವೂ 1977ರಿಂದ ಬೆಂಗಳೂರಿನಲ್ಲಿದೆ. ಸೀಸದ ಬ್ಯಾಟರಿ ಕೆಲಸಗಾರರ ರಕ್ತದ ಕುರಿತ ಅಧ್ಯಯನಗಳನ್ನು ಅದರ ತಜ್ಞರು ಪ್ರಕಟಿಸಿದ್ದಾರೆ. ಅಂದರೆ ಯಂತ್ರವಿದೆ, ವಿದ್ಯೆಯಿದೆ, ಅನುಭವಿಗಳಿದ್ದಾರೆ. ಅಂತರಘಟ್ಟೆಯಿಂದ ಬೆಂಗಳೂರಿಗೆ ಒಂದು ರೈಲಿನ ದೂರ. ಆದರೂ ಊರಿನ ದುಡಿಮೆಗಾರನಿಗೂ ಈ ವಿದ್ಯೆಗೂ ನಡುವಿನ ಅಂತರ ಮುಗಿದಿಲ್ಲ.

ಕೊಡೈಕನಾಲ್ ಹೇಳುವ ಪಾಠ

ಪರೀಕ್ಷೆ ಮಾಡಿದರಷ್ಟೇ ಸಾಲದು, ಅದರ ಫಲ ಯಾರ ಕೈಯಲ್ಲಿರಬೇಕು ಎಂಬುದೇ ನಿಜವಾದ ಪ್ರಶ್ನೆ. ಇದನ್ನು ಅರಿಯಲು ಘಟ್ಟದ ಸಾಲಿನ ಮತ್ತೊಂದು ಊರನ್ನು ನೋಡಬೇಕು. ತಮಿಳುನಾಡಿನ ಕೊಡೈಕನಾಲ್‌ನಲ್ಲಿ 1980ರ ದಶಕದಲ್ಲಿ ಪಾದರಸದ ಥರ್ಮಾಮೀಟರ್ ಕಾರ್ಖಾನೆಯೊಂದು ಆರಂಭವಾಯಿತು. ಅಮೆರಿಕದಿಂದ ಕಳಚಿ ತಂದ ಯಂತ್ರಗಳಿಂದ ನಿಂತ ಆ ಕಾರ್ಖಾನೆ ಮುಂದೆ ಹಿಂದೂಸ್ತಾನ್ ಲೀವರ್ ಕಂಪನಿಯ ಕೈಗೆ ಬಂತು. 2001ರ ಮಾರ್ಚ್‌ನಲ್ಲಿ ಪಟ್ಟಣದ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಅಂಟಿದ ಒಡಕುಗಾಜಿನ ರಾಶಿಯನ್ನು ಸ್ಥಳೀಯರೂ ಪರಿಸರ ಕಾರ್ಯಕರ್ತರೂ ಬಯಲಿಗೆಳೆದರು. ಕಾರ್ಖಾನೆ ಮುಚ್ಚಿತು. 2003ರಲ್ಲಿ ಪಾದರಸದ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೇ ಹಿಂದಿರುಗಿಸಲಾಯಿತು.

ಕಾಡಿನ ಮಣ್ಣಿನಲ್ಲಿ ಸೇರಿದ ಪಾದರಸವನ್ನು ಅಳೆಯಲು ಆಮೇಲೂ ಅವಕಾಶವಿತ್ತು. ಕಾರ್ಮಿಕರ ದೇಹದಲ್ಲಿ ಸೇರಿದ್ದನ್ನು ಅಳೆಯುವುದು ಹಾಗಲ್ಲ. ಆವಿಯಾಗಿ ಒಳಹೋದ ಪಾದರಸದಲ್ಲಿ ಅರ್ಧದಷ್ಟು ಒಂದೆರಡು ತಿಂಗಳಲ್ಲಿ ದೇಹ ಬಿಡುತ್ತದೆ. ಕೆಲಸ ಬಿಟ್ಟು ವರ್ಷಗಳಾದ ಮೇಲೆ ಪರೀಕ್ಷೆ ಮಾಡಿದರೆ ಸಿಗುವುದೇನು? ಕೆಲಸದಲ್ಲಿದ್ದ ದಿನಗಳಲ್ಲಿ ತೆಗೆದ ಅಂಕಿಗಳೇ ಸಾಕ್ಷಿ. ಅಂಥ ದಾಖಲೆ ಸಾಮಾನ್ಯವಾಗಿ ಇರುವುದು ಕಂಪನಿಯ ಕಪಾಟಿನಲ್ಲಿ. ಕಾರ್ಮಿಕರ ಆರೋಗ್ಯಕ್ಕೆ ಕಾರ್ಖಾನೆಯಿಂದ ಹಾನಿಯಾಗಿಲ್ಲವೆಂದೇ ಕಂಪನಿ ವಾದಿಸಿತು. ಕಾರ್ಮಿಕರು ಮೂತ್ರಪಿಂಡದ, ನರಗಳ ತೊಂದರೆಗಳನ್ನು ಹೇಳಿಕೊಂಡರು. ಹದಿನೈದು ವರ್ಷಗಳ ಹೋರಾಟದ ನಂತರ 2016ರಲ್ಲಿ 591 ಮಾಜಿ ಕಾರ್ಮಿಕರೊಡನೆ ಕಂಪನಿ ಒಪ್ಪಂದಕ್ಕೆ ಬಂತು. ದುಡಿಯುತ್ತಿದ್ದಾಗಲೇ ಪ್ರತಿ ಪರೀಕ್ಷೆಯ ಚೀಟಿಯೂ ಕಾರ್ಮಿಕರ ಟ್ರಂಕಿನಲ್ಲಿದ್ದರೆ ವಾದದ ಬಹುಪಾಲು ಆ ಚೀಟಿಗಳ ಎದುರಿನಲ್ಲೇ ನಡೆಯಬಹುದಿತ್ತು, ಹದಿನೈದು ವರ್ಷ ಬೇಕಾಗುತ್ತಿರಲಿಲ್ಲ.

ಕಾನೂನಿನ ಮಾತು

ಕಾನೂನು ಇಲ್ಲವೆಂದು ಹೇಳುವಂತಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಿತ್ತು; ಅದರ ಮೊದಲ ಹೆಸರೇ ಸೀಸವಿಷ. ಪಾದರಸ, ಮ್ಯಾಂಗನೀಸ್, ಆರ್ಸೆನಿಕ್ ವಿಷಗಳೂ ಅದೇ ಪಟ್ಟಿಯಲ್ಲಿದ್ದವು. ಮ್ಯಾನೇಜರ್ ಮಾತ್ರವಲ್ಲ, ಅಂಥ ರೋಗಿಯನ್ನು ಕಂಡ ವೈದ್ಯನೂ ತಿಳಿಸಬೇಕೆಂಬ ಕಟ್ಟಳೆಯಿತ್ತು. ಭೋಪಾಲ ದುರಂತದ ನಂತರ 1987ರಲ್ಲಿ ಆದ ತಿದ್ದುಪಡಿಯಿಂದ, ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆ ಕಾರ್ಮಿಕರ ಆರೋಗ್ಯ ದಾಖಲೆ ಇಡಬೇಕು, ಅದು ಕಾರ್ಮಿಕರಿಗೆ ಸಿಗುವಂತಿರಬೇಕು ಎಂಬ ನಿಯಮವೂ ಸೇರಿತು. ಕಲ್ನಾರು ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ದುಡಿಯುವವರ ಆರೋಗ್ಯ ಮೂಲಭೂತ ಹಕ್ಕೆಂದು ಸಾರಿ, ಅವರ ಆರೋಗ್ಯ ದಾಖಲೆಗಳನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದು ಆದೇಶಿಸಿತು. ಸೀಸದ ರೋಗ ಕಾರ್ಮಿಕ ಪರಿಹಾರಕ್ಕೆ ಅರ್ಹವೆಂಬುದೂ ದೇಶದ ಕಾನೂನಿನಲ್ಲಿ ಹಿಂದಿನಿಂದ ಬಂದಿರುವ ಮಾತು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಕಾರ್ಖಾನೆಗಳ ಕಾಯಿದೆಯ ಜಾಗವನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿ ಸಂಹಿತೆ ಆಕ್ರಮಿಸಿದೆ. ರೋಗ ವರದಿಯ ಕಟ್ಟಳೆ ಅದರಲ್ಲೂ ಮುಂದುವರಿದಿದೆ. 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯೆಂದು ಸರ್ಕಾರ ಸಾರಿದೆ. ಒಳ್ಳೆಯದೇ. ಆದರೆ ಬ್ಯಾಟರಿ ಒಡೆಯುವ ಹುಡುಗನ ವಯಸ್ಸು ಇಪ್ಪತ್ತು, ಇಪ್ಪತ್ತೆರಡು. ನಲವತ್ತರವರೆಗೆ ಸೀಸ ಅವನಿಗಾಗಿ ಕಾದು ಕೂರುವುದಿಲ್ಲ. ವಿದ್ಯುತ್ ಬಳಸುವ ಘಟಕ ಕಾರ್ಖಾನೆಯೆನಿಸಲು ಮೊದಲು ಹತ್ತು ಕಾರ್ಮಿಕರು ಸಾಕಿತ್ತು, ಈಗ ಇಪ್ಪತ್ತು ಬೇಕು. ಇಬ್ಬರು ಮೂವರು ದುಡಿಯುವ ಬ್ಯಾಟರಿ ಅಂಗಡಿ ಹಿಂದೆಯೂ ಲೆಕ್ಕಕ್ಕಿರಲಿಲ್ಲ, ಈಗಲೂ ಇಲ್ಲ. ಅಪಾಯಕಾರಿ ಕೆಲಸವೆಂದು ಸರ್ಕಾರ ಅಧಿಸೂಚನೆ ಹೊರಡಿಸಿದರೆ ಒಬ್ಬನೇ ಕೆಲಸಗಾರನಿರುವ ಜಾಗಕ್ಕೂ ಸಂಹಿತೆಯನ್ನು ಅನ್ವಯಿಸಲು ಅವಕಾಶವಿದೆ. ಬ್ಯಾಟರಿ ಒಡೆಯುವುದು, ಸೀಸ ಕರಗಿಸುವುದು ಇವುಗಳಿಗೆ ಈ ಅವಕಾಶವನ್ನು ಬಳಸಬೇಕೆಂಬುದೇ ಮೊದಲ ಹಕ್ಕೊತ್ತಾಯವಾಗಬೇಕು.

ಕೆಲಸ ಹೋದರೆ?

ಇಷ್ಟೆಲ್ಲ ಕೇಳಿದ ಮೇಲೂ ದುಡಿಯುವವನು ತೋಳು ಚಾಚಲು ಹಿಂಜರಿಯುತ್ತಾನೆ. ಅದು ಅಜ್ಞಾನವಲ್ಲ, ಲೆಕ್ಕಾಚಾರ. ಅಂಕಿ ಹೆಚ್ಚು ಬಂದರೆ ಮಾಲೀಕ ‘ನಾಳೆಯಿಂದ ಬರಬೇಡ’ ಎನ್ನಬಹುದು. ಸಂಬಳ ನಿಂತರೆ ಮನೆ ನಡೆಯುವುದು ಹೇಗೆ? ತಿಳಿಯದ ರೋಗಕ್ಕಿಂತ ತಿಳಿದ ಹಸಿವು ಹೆಚ್ಚು ಹೆದರಿಸುತ್ತದೆ. ಈ ಭಯಕ್ಕೆ ಉತ್ತರ ಕೊಡದೆ ‘ಪರೀಕ್ಷೆ ಮಾಡಿಸಿಕೊಳ್ಳಿ’ ಎಂದು ಬೋಧಿಸುವುದು ಹೊಟ್ಟೆ ತುಂಬಿದವರ ಉಪದೇಶವಾಗುತ್ತದೆ.

ಉತ್ತರ ಇಲ್ಲದಿಲ್ಲ. ಅಮೆರಿಕದ 1978ರ ಸೀಸದ ನಿಯಮದಲ್ಲಿ, ರಕ್ತದಲ್ಲಿ 60 ಮೈಕ್ರೋಗ್ರಾಂ ಕಂಡ ಕಾರ್ಮಿಕನನ್ನು ಸೀಸದ ಜಾಗದಿಂದ ತೆಗೆಯಬೇಕು. ಆದರೆ ಹದಿನೆಂಟು ತಿಂಗಳವರೆಗೆ ಅವನ ಸಂಬಳಕ್ಕೂ ಹಿರಿತನಕ್ಕೂ ಕುಂದು ಬರಬಾರದು. 60 ಎಂಬ ಗಡಿ ಇಂದಿನ ಅರಿವಿಗೆ ತೀರ ಸಡಿಲ. ಕ್ಯಾಲಿಫೋರ್ನಿಯ ರಾಜ್ಯ 2025ರಿಂದ ಅದನ್ನು 30ಕ್ಕೆ ಇಳಿಸಿದೆ. ಆದರೆ ಅದರ ಹಿಂದಿನ ನ್ಯಾಯ ಗಟ್ಟಿಯಾದುದು. ಸಂಬಳ ನಿಲ್ಲದೆಂಬ ಭರವಸೆಯಿದ್ದಾಗ ಮಾತ್ರ ಕಾರ್ಮಿಕ ನಿಜ ಹೇಳುತ್ತಾನೆ, ತೋಳು ಚಾಚುತ್ತಾನೆ. ಮತ್ತೊಂದು ಅಂಶವೂ ಆ ನಿಯಮದಲ್ಲಿದೆ. ದೇಹದ ಸೀಸವನ್ನು ಹೊರಹಾಕುವ ಔಷಧಗಳಿವೆ. ಅವನ್ನು ಮುಂಚಿತವಾಗಿಯೇ ಕೊಟ್ಟು ಅಂಕಿ ಇಳಿಸಿ, ಅದೇ ಹೊಗೆಯಲ್ಲಿ ದುಡಿಸುವುದನ್ನು ಅದು ನಿಷೇಧಿಸಿದೆ. ತೂತಾದ ದೋಣಿಯ ನೀರು ಮೊಗೆಯುತ್ತ ತೂತನ್ನು ಹಾಗೆಯೇ ಬಿಟ್ಟರೆ ದೋಣಿ ಮುಳುಗುವುದು ತಪ್ಪೀತೇ?

ರಕ್ತಪರೀಕ್ಷೆಯೆಂಬುದು ದುಡಿಯುವವನ ಮೇಲಿನ ಪರೀಕ್ಷೆಯಲ್ಲ, ದುಡಿಯುವ ಜಾಗದ ಮೇಲಿನ ಪರೀಕ್ಷೆ. ಒಬ್ಬನ ಅಂಕಿ ಏರಿದರೆ ಕೆಟ್ಟಿರುವುದು ಅವನಲ್ಲ, ಅಲ್ಲಿಯ ಗಾಳಿ. ಸರಿಪಡಿಸಬೇಕಾದುದು ಹೊಗೆ ಹೀರುವ ಕೊಳವೆ, ಒದ್ದೆ ಮಾಡಿ ಗುಡಿಸುವ ಕ್ರಮ, ಕೈ ತೊಳೆಯುವ ನೀರು, ಬಟ್ಟೆ ಬದಲಿಸುವ ಕೋಣೆ, ದೂಳಿಲ್ಲದ ಊಟದ ಜಾಗ. ಅಂಕಿ ಏರಿದವನನ್ನು ಹೊರಗಟ್ಟಿ ಹೊಸಬನನ್ನು ಅದೇ ಜಾಗಕ್ಕೆ ತಂದು ನಿಲ್ಲಿಸುವ ಮಾಲೀಕ ರೋಗವನ್ನು ತಡೆದಂತಲ್ಲ, ಒಬ್ಬನಿಂದ ಮತ್ತೊಬ್ಬನಿಗೆ ಹಂಚಿದಂತೆ.

ಚಳವಳಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ

ಪರಿಸರ ಚಳವಳಿಗಳೂ ಇಲ್ಲಿ ತಮ್ಮನ್ನು ಪ್ರಶ್ನಿಸಿಕೊಳ್ಳಬೇಕು. ಕುದುರೆಮುಖದ ಗಣಿಯಿಂದ ಭದ್ರೆಗೆ ಇಳಿದ ಹೂಳನ್ನು ಹೋರಾಟಗಾರರು ಅಳೆದರು, ನ್ಯಾಯಾಲಯಕ್ಕೆ ಒಯ್ದರು. 2005ರ ಕೊನೆಗೆ ಗಣಿ ನಿಂತಿತು. ಅದು ಘಟ್ಟದ ದೊಡ್ಡ ಗೆಲುವು. ಆದರೆ ಇಂಥ ಹೋರಾಟಗಳಲ್ಲಿ ಕಾಡಿನ ಪರ ನಿಂತವರು ಒಂದು ದಡದಲ್ಲೂ ಕೆಲಸ ಕಳೆದುಕೊಳ್ಳುವವರು ಇನ್ನೊಂದು ದಡದಲ್ಲೂ ನಿಂತುಬಿಡುವುದು ಮತ್ತೆ ಮತ್ತೆ ಕಂಡ ವಿಪರ್ಯಾಸ. ಹೊಳೆಯ ನೀರನ್ನು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳಿಸುವವರು ದುಡಿಯುವವನ ರಕ್ತದ ಬಗ್ಗೆಯೂ ಅಷ್ಟೇ ಕಾಳಜಿ ತೋರಿದರೆ ಈ ದಡಗಳು ಕೂಡಬಹುದು. ವಿಷ ಮೊದಲು ಇಳಿಯುವುದು ಅದನ್ನು ಕೈಯಲ್ಲಿ ಹಿಡಿದವನ ದೇಹಕ್ಕೆ, ಹೊಳೆಗೆ ಬರುವುದು ಆಮೇಲೆ. ಹಸಿರು ಶಕ್ತಿಯೆಂದು ಹೊಗಳುವ ಸೌರದೀಪದ ಬ್ಯಾಟರಿಯನ್ನು ಕೊನೆಗೆ ಯಾರ ಶ್ವಾಸಕೋಶದ ಮುಂದೆ ಒಡೆಯಲಾಗುತ್ತದೆ ಎಂಬುದೂ ಹಸಿರಿನ ಪ್ರಶ್ನೆಯೇ.

ಮಾಡಬೇಕಾದುದೇನು?

ಇವುಗಳಲ್ಲಿ ಕೆಲವು ಸರ್ಕಾರದ ಕೆಲಸ, ಕೆಲವು ಊರಿನ ಕೆಲಸ.

ಒಂದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊರರೋಗಿ ಚೀಟಿಯಲ್ಲಿ ಕಸುಬಿನ ಕಲಂ ಸೇರಬೇಕು. ಬ್ಯಾಟರಿ, ಬಣ್ಣ, ಬೆಸುಗೆ, ಎರಕ, ಗುಜರಿ ಎಂದು ಬರೆದವರಿಗೆ ಹೊಟ್ಟೆನೋವು, ರಕ್ತಹೀನತೆಗಳಿದ್ದರೆ ಸೀಸದ ಪರೀಕ್ಷೆಗೆ ಕಳಿಸುವ ಕ್ರಮ ಬರಬೇಕು. ರಕ್ತವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದು ಬೆಂಗಳೂರಿಗೆ ಕಳಿಸಬಹುದು, ರೋಗಿಯೇ ಅಲೆಯಬೇಕಾಗಿಲ್ಲ. ಖರ್ಚು ರೋಗಿಯ ಮೇಲೆ ಬೀಳಬಾರದು.

ಎರಡು, ಪ್ರತಿ ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ, ಅಂಕಿ, ದಿನಾಂಕ, ಲೋಹದ ಹೆಸರಿನೊಡನೆ, ಪರೀಕ್ಷೆಗೆ ಒಳಗಾದವರ ಕೈಗೇ ಸಿಗಬೇಕು. ‘ನಾರ್ಮಲ್’ ಎಂಬ ಒಂದೇ ಪದ ಸಾಲದು. ದುಡಿಯುವವರು ಆ ಚೀಟಿಯನ್ನು ಪಹಣಿಯಷ್ಟೇ ಜೋಪಾನವಾಗಿ ಇಡಬೇಕು.

ಮೂರು, ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವನ್ನು ಗ್ರಾಮ ಪಂಚಾಯಿತಿ ಇಡಬೇಕು. 2001ರ ಬ್ಯಾಟರಿ ನಿಯಮಗಳ ಜಾಗದಲ್ಲಿ ಬಂದಿರುವ 2022ರ ನಿಯಮಗಳು ಹಳೆಯ ಬ್ಯಾಟರಿಗಳ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನೋಂದಾಯಿತ ಘಟಕಗಳಿಗೆ ಮಾತ್ರ ಅವು ಸೇರಬೇಕು. ಹಳೆಯದನ್ನು ಕೊಂಡ ಅಂಗಡಿಗೇ ಹಿಂತಿರುಗಿಸಿ ರಸೀದಿ ಕೇಳುವ ರೂಢಿ ಊರಿನಲ್ಲಿ ಬೆಳೆಯಬೇಕು. ಗುಜರಿಯವನು ನೂರು ರೂಪಾಯಿ ಹೆಚ್ಚು ಕೊಡುವನೆಂದು ಅವನಿಗೆ ಮಾರಿದರೆ ಆ ನೂರು ರೂಪಾಯಿಯನ್ನು ಯಾರದೋ ಮಗನ ರಕ್ತ ತೀರಿಸುತ್ತದೆ.

ನಾಲ್ಕು, ಅಂಕಿ ಏರಿದವರ ಸಂಬಳ ನಿಲ್ಲಬಾರದು, ಕೆಲಸ ಹೋಗಬಾರದು ಎಂಬ ಭದ್ರತೆ ರಾಜ್ಯದ ನಿಯಮಗಳಲ್ಲಿ ಬರಬೇಕು. ಇದಿಲ್ಲದೆ ಮೇಲಿನ ಮೂರೂ ಕಾಗದದ ಮೇಲೆ ಉಳಿಯುತ್ತವೆ.

ಐದು, ವಿದ್ಯಾರ್ಥಿಗಳು ತಮ್ಮ ಊರಿನಿಂದ ಯಾರು ಯಾವ ಕೆಲಸಕ್ಕೆ ಹೋಗಿದ್ದಾರೆ ಎಂಬ ಪಟ್ಟಿ ಮಾಡಬಹುದು. ಹೊಳೆಯ ಮೀನು, ಕಾಡಿನ ಹಕ್ಕಿ ಎಣಿಸಿ ಪಟ್ಟಿ ಮಾಡಿದ ಮಕ್ಕಳಿಗೆ ಇದು ಕಷ್ಟವಲ್ಲ. ಆಶಾ ಕಾರ್ಯಕರ್ತೆಯ ಕೈಗೆ ಆ ಪಟ್ಟಿ ಸೇರಿದರೆ ಯಾವ ಮನೆಯ ಬಸುರಿಗೆ, ಯಾವ ಮನೆಯ ಕೂಸಿಗೆ ಪರೀಕ್ಷೆ ಬೇಕೆಂಬುದು ತಿಳಿಯುತ್ತದೆ.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದುದೂ ಉಂಟು. ಕೆಲಸದ ಬಟ್ಟೆಯನ್ನು ಹೊರಗೇ ಕಳಚಿ ಬೇರೆಯಾಗಿ ಒಗೆಯಬೇಕು. ಕೈ ಮುಖ ತೊಳೆಯದೆ ಊಟ, ಬೀಡಿ, ಎಲೆಯಡಿಕೆ ಮುಟ್ಟಬಾರದು. ಮೈ ತೊಳೆದೇ ಮಗುವನ್ನು ಎತ್ತಿಕೊಳ್ಳಬೇಕು. ಕಬ್ಬಿಣ ಮತ್ತು ಸುಣ್ಣದಂಶ ಹೇರಳವಾಗಿರುವ ರಾಗಿ, ಸೊಪ್ಪು, ಹಾಲು, ಮೊಸರುಗಳು ಸೀಸ ದೇಹಕ್ಕಿಳಿಯುವುದನ್ನು ಕಡಿಮೆ ಮಾಡಬಲ್ಲವು. ಆದರೆ ಇವು ಯಾವುವೂ ಮಾಲೀಕನ ಹೊಣೆಗೆ ಬದಲಿಯಲ್ಲ.

ಮುಂದಿನ ಜಾತ್ರೆಗೆ ಮತ್ತೆ ಗಾಡಿಗಳು ಬರುತ್ತವೆ, ಊರು ಬಿಟ್ಟವರು ಮರಳುತ್ತಾರೆ. ಮನೆಗೆ ಬಂದ ಮಗನನ್ನು ತಾಯಿ ‘ಏನಪ್ಪಾ, ಸೊರಗಿದ್ದೀಯಲ್ಲ?’ ಎಂದು ಕೇಳಿಯೇ ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ತಾಯಿಯೊಬ್ಬಳದೇ ಅಲ್ಲ. ಆಸ್ಪತ್ರೆಯದು, ಪಂಚಾಯಿತಿಯದು, ಸರ್ಕಾರದ್ದು, ಚಳವಳಿಯದು. ಉತ್ತರ ಬರೆದಿರುವುದು ಒಂದು ಸಣ್ಣ ಚೀಟಿಯಲ್ಲಿ. ಅದು ಕಂಪನಿಯ ಕಪಾಟಿನಲ್ಲಿ ಕೊಳೆಯದೆ ದುಡಿದವರ ಕೈ ಸೇರಲಿ.